ನೂರು ಕೋಟಿಯ ಮೇಲೊಂದು

ಟಿ. ನರಸೀಪುರದವಳಾದ ನಾನು ಬಿ.ಎಸ್ಸಿ. ಗಣಿತ ಮುಗಿಸಿ ನಂಜನಗೂಡಿನ ಕೂಡುಕುಟುಂಬಕ್ಕೆ ಸೊಸೆಯಾಗಿ ಬಂದಿದ್ದೆ. ಮನೆ ಒಡೆಯುತ್ತದೆಂಬ ಭಯದಲ್ಲಿ ಹೆಂಗಸರೆಲ್ಲ ಉಸಿರು ಬಿಗಿಹಿಡಿದಿದ್ದ ದಿನಗಳವು. ಮದುವೆಯ ಮುಯ್ಯಿಗೆ ನೂರರ ಮೇಲೆ ಒಂದು ರೂಪಾಯಿ ಏಕೆಂದು ಅತ್ತೆಯನ್ನು ಕೇಳಿದೆ.

"ಮ್ಯಾಲೊಂದು ಮಡಗಿದ್ರೆ ಎಸ್ಟು ದೊಡ್ಡ ಲೆಕ್ಕವಾದ್ರೂ ಪಾಲಾಗಾಕಿಲ್ಲ ಕಣವ್ವ. ಮನೆನೂ ಅಂಗೇ. ಬೇಕಾದ್ರೆ ನೂರು ಕೋಟಿಗೆ ಒಂದು ಸೇರ್ಸಿ ನೋಡು."

ಹಾಳು ಗಣಿತ ಸುಮ್ಮನಿರಲು ಬಿಡಲಿಲ್ಲ. ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಭಾಗಿಸುತ್ತ ಹೋದೆ. ಎರಡು, ಮೂರು, ಐದು, ಪ್ರತಿ ಸಲವೂ ಶೇಷ ಉಳಿಯಿತು, ಅತ್ತೆ ನಕ್ಕರು. ಏಳರಿಂದ ಭಾಗಿಸಿದಾಗ ಏನೂ ಉಳಿಯಲಿಲ್ಲ. ಸೀಮೆಸುಣ್ಣ ಕೆಳಗಿಟ್ಟೆ.

"ಎಸ್ಟರಲ್ಲಿ ಒಡೀತವ್ವ?" ಅತ್ತೆ ಕೇಳಿದರು.

ನಾನು ಸೆರಗಿನಿಂದ ನೆಲದ ಲೆಕ್ಕ ಒರೆಸತೊಡಗಿದೆ. ಹೊರಗೆ ಜಗಲಿಯಲ್ಲಿ ಅವರ ಏಳೂ ಗಂಡುಮಕ್ಕಳು ಹಿಸ್ಸೆಯ ಮಾತಿಗೆ ಕೂತಿದ್ದರು.