ಬೆರಳು ತೆಗೆದು ಹಿಡಿದ ಅಳತೆ

ಬಸ್ಸಮ್ಮ ಮಸ್ಕಿ ಕಡೆಯ ಒಣಭೂಮಿಯವಳು. ತವರಿನಲ್ಲಿ ಅವಳು ಕಂಡ ದೊಡ್ಡ ನೀರೆಂದರೆ ಊರ ಬಾವಿಯದು. ಲಗ್ನವಾಗಿ ಬಳಗಾನೂರಿಗೆ ಬಂದ ಹೊಸದರಲ್ಲಿ, ಗಂಡ ಹುಸೇನಪ್ಪ ಕಾಲುವೆಗೆ ಹಾರಿ ಎಷ್ಟು ಹೊತ್ತಾದರೂ ಮೇಲೇಳದ್ದನ್ನು ನೋಡಿ ಬಾಯಿ ಬಡಿದುಕೊಂಡು ಅತ್ತಿದ್ದಳು. ಅವನು ಆಚೆ ದಂಡೆಯಲ್ಲಿ ತಲೆ ಎತ್ತಿ ನಗುತ್ತಿದ್ದ. ಅದನ್ನು ನೆನೆಸಿಕೊಂಡು ಅತ್ತೆ ಸಾಯುವ ತನಕ ಸೊಸೆಯನ್ನು ಆಡಿಕೊಂಡಳು. ಭತ್ತದ ನಾಟಿಯ ಕೆಸರಿನಲ್ಲಿ ನಿಂತು ನಿಂತು ಬಸ್ಸಮ್ಮನ ಹಿಮ್ಮಡಿ ಒಡೆದವು. ಆದರೆ ಮೊಣಕಾಲಿಗಿಂತ ಆಳದ ನೀರಿಗೆ ಅವಳು ಎಂದೂ ಇಳಿಯಲಿಲ್ಲ.

ಮನೆಯವರು ಮಾತ್ರ ಇಳಿಯುತ್ತಲೇ ಇದ್ದರು. ಎತ್ತು ತೊಳೆಯಲು ಹೋದವನು ಜಾರಿದರೆ, ಬೈಕು ಸೇತುವೆ ತಪ್ಪಿ ಕೆಳಗೆ ಹೋದರೆ, ಜನ ಓಡಿಬರುತ್ತಿದ್ದುದು ಹುಸೇನಪ್ಪನ ಮನೆಗೆ. ಅವನ ಹಿಂದೆ ಮಗ ಲಕ್ಷ್ಮಣ ಈ ಕೆಲಸ ಕಲಿತ. ಎರಡು ವರ್ಷದ ಹಿಂದೆ, ಸೇತುವೆಯ ಕೆಳಗೆ ಯಾರದೋ ಹೆಣ ಹುಡುಕುವಾಗ, ಜಾಲಿಕಂಟಿಗೆ ಸುತ್ತಿಕೊಂಡಿದ್ದ ಹಳೆಯ ಮೀನಿನ ಬಲೆಯಲ್ಲಿ ಲಕ್ಷ್ಮಣನ ಕಾಲು ಸಿಕ್ಕಿತು. ಅವನ ಹೆಣವನ್ನು ಮೇಲೆ ತಂದವನು ಹುಸೇನಪ್ಪನೇ. ಆಮೇಲೆ ಹುಸೇನಪ್ಪನ ಕಿವಿ ಸೋರತೊಡಗಿದವು. ಆಳಕ್ಕೆ ಹೋದರೆ ದಿಕ್ಕು ತಪ್ಪುತ್ತಿತ್ತು. ಅವನು ನೀರು ಬಿಟ್ಟ. ಇನ್ನು ಯಾರೂ ಬಾಗಿಲಿಗೆ ಬರಲಾರರು ಎಂದು ಬಸ್ಸಮ್ಮ ನಂಬಿದ್ದಳು.

ಆದರೆ ದಢೇಸುಗೂರಿನ ಗೌಡ ಸಂಗನಬಸವ ಬಂದ. ಸೊಸೆ ಕಾಲುವೆಯಲ್ಲಿ ಜಾರಿಹೋಗಿದ್ದಳು. 'ಹೆಣ್ಣಿನ ಮೈ, ಗಂಡಸರ ಕೈ ಸೋಕಬಾರದು' ಎಂದು ಮನೆಯವರು ಪಟ್ಟು ಹಿಡಿದಿದ್ದರು. ಬಸ್ಸಮ್ಮ ನಾಟಿಗೆ ಹೋದ ಹೊತ್ತು. ಅಣ್ಣನ ಜೊತೆಯಲ್ಲೇ ಈಜು ಕಲಿತಿದ್ದ, ಹದಿನೆಂಟು ತುಂಬಿದ ಮಗಳು ಪದ್ಮಾವತಿ ಓಡಿಹೋಗಿ ಇಳಿದಳು. ಆ ಹೆಂಗಸನ್ನು ದಂಡೆಗೆ ತಂದು ಮಲಗಿಸಿದಾಗ ಪದ್ಮಾವತಿಯ ತೊಡೆ, ಮೊಣಕೈಗಳಿಂದ ಜಾಲಿಮುಳ್ಳು ಗೀರಿದ ರಕ್ತ ಇಳಿಯುತ್ತಿತ್ತು. ಆ ರಕ್ತವನ್ನು ಸಂಗನಬಸವ ನೋಡಿದ್ದ. ಸೊಸೆಯ ದಿನಕರ್ಮ ಮುಗಿದ ಮೇಲೆ ಮತ್ತೆ ಬಂದು ಅಂಗಳದಲ್ಲೇ ನಿಂತು ಹೇಳಿದ:

"ಸಿಂಧನೂರಿನ ಕರೀಂಸಾಬ್‌ಗ ಹೇಳೀನಿ. ನೀರಾಗ ಹಾಕ್ಕೊಳ್ಳೋ ಅಂಗಿ ತರಿಸಿ ಕೊಡ್ತಾನ. ನಿಮ್ಮ ಮನಿಮಂದಿಗೆಲ್ಲ ಏನೇನು ಬೇಕೋ ಆರಿಸಿಕೊಳ್ರಿ. ನನ್ನ ಕೈಲಿ ಆಗೋದು ಇಷ್ಟ."

ಸತ್ತವರ ಮನೆಯವನು ಕೊಟ್ಟ ಮಾತು. ಬೇಡ ಎನ್ನಲು ಬಸ್ಸಮ್ಮನಿಗೆ ನಾಲಿಗೆ ಏಳಲಿಲ್ಲ. ಅಂಗಿ ಬಂದರೆ ಮಗಳು ಮತ್ತೆ ಇಳಿಯುತ್ತಾಳೆ. ಮಗಳು ಇಳಿಯಬಾರದು, ಬಸ್ಸಮ್ಮನಿಗೆ ಬೇಕಾದದ್ದು ಅದೊಂದೇ. ಹಾಗೆಂದು ಬಾಯಿಬಿಟ್ಟು ಹೇಳದೆ, ಗಂಡ, ಮಗಳ ಜೊತೆ ತಾನೂ ಬಸ್ಸು ಹತ್ತಿದಳು.

ಕರೀಂಸಾಬ್‌ನ ಅಂಗಡಿಯಲ್ಲಿ ತಾಡಪತ್ರಿ, ಗಮ್‌ಬೂಟು, ರೇನ್‌ಕೋಟುಗಳ ನಡುವೆ ಮಾದರಿಗೆಂದು ಒಂದು ಕರಿ ರಬ್ಬರಿನ ಅಂಗಿ ತೂಗುತ್ತಿತ್ತು. ಕುತ್ತಿಗೆಯಿಂದ ಕಣಕಾಲಿನ ತನಕ ಒಂದೇ ಅಂಗಿ. ಹುಸೇನಪ್ಪ ಅದನ್ನು ಚಿವುಟಿ ನೋಡಿದ.

"ಎಮ್ಮಿ ಚರ್ಮ ಇದ್ದಂಗ ಐತಲ್ಲೋ ಸಾಬ."

"ಎಮ್ಮಿ ಆದ್ರ ಹಾಲರ ಕೊಡ್ತದ. ಇದು ಬರೇ ಬೆಚ್ಚಗ ಇಡ್ತದ, ಮುಳ್ಳು ತಡೀತದ," ಎಂದ ಕರೀಂಸಾಬ್. "ಮತ್ತ ಇದು ಮನುಷ್ಯಾನ್ನ ತೇಲಿಸ್ತದ. ಅದಕ್ಕ ಕೆಳಗ ಹೋಗಾಕ ನಡಕ್ಕ ಈ ಸೀಸದ ಪಟ್ಟಿ."

"ತೇಲಾಕ ಒಂದು, ಮುಳುಗಾಕ ಒಂದು! ಚಲೋ ಐತಿ ಬಿಡ್ರಿ ನಿಮ್ಮ ವ್ಯಾಪಾರ," ಎಂದಳು ಬಸ್ಸಮ್ಮ.

"ಮನಿಮಂದಿಗೆಲ್ಲ ಅಂದಾನ ಗೌಡ. ನಿಂದೂ ಅಳತಿ ತಗೊಳ್ಳೇನು ತಂಗಿ?"

"ನನ್ನ ನೀರಿಗೆ ಹಾಕಬೇಕಂದ್ರ ನಾಕು ಮಂದಿ ಹೊತ್ಕೊಂಡು ಹೋಗಬೇಕು."

ನಗಿಸಲೆಂದೇ ಹೇಳಿದ್ದಳು. ನಾಲ್ಕು ಮಂದಿ ಹೊರುವುದು ಎಂಥವರನ್ನು ಎಂದು ಎಲ್ಲರಿಗೂ ಒಟ್ಟಿಗೆ ಹೊಳೆಯಿತು. ಯಾರೂ ನಗಲಿಲ್ಲ.

ಹುಸೇನಪ್ಪನ ಅಳತೆಯನ್ನು ಕರೀಂಸಾಬ್ ತಾನೇ ತೆಗೆದ. ಪದ್ಮಾವತಿಯ ಸರದಿ ಬಂದಾಗ ಟೇಪನ್ನು ಬಸ್ಸಮ್ಮನ ಕೈಗೆ ಕೊಟ್ಟ.

"ಹುಡುಗೀದು ನೀನ ಹಿಡಿ. ನಾ ಈ ಕಡೆ ಮುಖ ಮಾಡಿ ಬರ್ಕೋತೀನಿ."

ಊರಿನ ದರ್ಜಿ ಹಿಡಿಯುವಂತೆಯೇ ಬಸ್ಸಮ್ಮ ಹಿಡಿದಳು. ಟೇಪಿನ ಒಳಗೆ ಎರಡು ಬೆರಳು ಇಟ್ಟು, ಅಷ್ಟು ಸಡಿಲ ಬಿಟ್ಟು. ಅವರ ಮನೆಯಲ್ಲಿ ಮಕ್ಕಳಿಗೆ ಮೈಗೆ ಸರಿಯಾದ ಬಟ್ಟೆ ತಂದದ್ದೇ ಇಲ್ಲ. ಬೆಳೆಯೋ ಮೈ ಎಂದು ಯಾವಾಗಲೂ ದೊಡ್ಡದೇ. ಲಕ್ಷ್ಮಣನ ಕೊನೆಯ ಅಂಗಿಯ ಹೊಲಿಗೆಯೊಳಗೂ ಬಿಚ್ಚಿಕೊಳ್ಳಲು ಮಡಚಿಟ್ಟ ಬಟ್ಟೆ ಹಾಗೇ ಉಳಿದಿತ್ತು.

"ಇದರ ಮ್ಯಾಲ ಇನ್ನೊಂದು ಸೈಜು ದೊಡ್ಡದು ಹಿಡೀರಿ," ಎಂದಳು.

"ಬೆರಳು ಇಟ್ಟೀ ಏನು?" ಕರೀಂಸಾಬ್ ತಿರುಗದೆ ಕೇಳಿದ. "ತೆಗಿ ತಂಗಿ. ಇದು ಮೈಗೆ ಅಂಟಬೇಕು. ಸಡಿಲಿದ್ರ ಒಳಗ ನೀರು ಹೊಕ್ಕು ಚೀಲ ಆಗ್ತದ. ಕಾಲುವಿ ನೀರು ಚೀಲಾನ ಸುಮ್ನ ಬಿಡ್ತದೇನು? ಎಳ್ಕೊಂಡು ಹೋಗ್ತದ. ಸಡಿಲಿದ್ದದ್ದು ಹಾಕ್ಕೊಂಡು ಇಳಿಯೋದಕಿಂತ ಇಳಿಯದಿರೋದ ಚಲೋ."

ಇಳಿಯದಿರೋದು. ಆ ಮಾತು ಬಸ್ಸಮ್ಮನ ಮನಸ್ಸಿನಲ್ಲಿ ನಿಂತಿತು. ಅಂಗಿ ಸಡಿಲವಾಗಿ ಬಂದರೆ ಅದು ಗೂಟಕ್ಕೆ ನೇತಾಡುತ್ತದೆ, ಮಗಳು ಮನೆಯಲ್ಲಿರುತ್ತಾಳೆ. ಕೊಟ್ಟವನ ಮಾತೂ ಉಳಿಯುತ್ತದೆ. ಅವಳು ಬೆರಳು ತೆಗೆಯಲಿಲ್ಲ.

"ಹೆಣ್ಣುಹುಡುಗಿ ರೀ. ಬಿಗಿ ಅಂಗಿ ಹಾಕ್ಕೊಂಡು ಮಂದ್ಯಾಗ ನಿಲ್ತಾಳೇನು? ಬೆಳೆಯೋ ಮೈ ಬೇರೆ."

"ಇನ್ನೆಲ್ಲಿ ಬೆಳೀತೀನಬೇ? ಈಚಲಮರ ಏನು ನಾನು?" ಎಂದಳು ಪದ್ಮಾವತಿ.

"ನೀ ಸುಮ್ನಿರು."

ಪದ್ಮಾವತಿ ತಾಯಿಯ ಮುಖ ನೋಡಿದಳು. ಟೇಪಿನೊಳಗೆ ಬಿಗಿಯಾಗಿ ಕೂತ ಬೆರಳುಗಳನ್ನೂ ನೋಡಿದಳು. ಆಮೇಲೆ ತಂದೆಗೆ ಕೇಳದಷ್ಟು ಮೆಲ್ಲಗೆ ಹೇಳಿದಳು:

"ಯವ್ವಾ, ಸಡಿಲಿದ್ರೂ ನಾ ಹೋಗಾಕಿನ. ಅಣ್ಣ ಒಳಗಿದ್ದಾಗ ನೀ ದಂಡಿ ಮ್ಯಾಲ ಹೆಂಗ ಕುಂತಿದ್ದಿ, ನಾ ನೋಡೀನಿ. ಮತ್ತೊಬ್ಬಾಕಿ ಹಂಗ ಕುಂತಾಗ ನಾ ಮನ್ಯಾಗ ಹೆಂಗ ಇರ್ಲಿ, ಹೇಳು?"

ಬಸ್ಸಮ್ಮ ಒಂದು ಬೆರಳು ಹೊರಗೆ ತೆಗೆದಳು. ಸ್ವಲ್ಪ ತಡೆದು ಇನ್ನೊಂದನ್ನೂ ತೆಗೆದಳು. ಟೇಪು ಮಗಳ ಪಕ್ಕೆಲುಬಿಗೆ ಅಂಟಿತು. ಅದರ ಕೆಳಗೆ ಉಸಿರು ಏರಿ ಇಳಿಯುವುದು ಕೈಗೆ ತಿಳಿಯುತ್ತಿತ್ತು. ಎದೆ, ನಡ, ತೊಡೆ, ಮಣಿಕಟ್ಟು, ಕೊರಳು, ಪ್ರತಿಯೊಂದನ್ನೂ ಅಳೆದು, ಮತ್ತೊಮ್ಮೆ ಅಳೆದು, ಕೂಗಿ ಹೇಳಿದಳು. ಒಂದು ಅಂಕಿ ಕೇಳಿಸದೆ ಕರೀಂಸಾಬ್ "ಎಷ್ಟಂದಿ?" ಎಂದು ಕೇಳಿದ. ಮತ್ತೆ ಹೇಳಿದಳು.

ಅಲ್ಲಿಂದ ಆಚೆಗೆ ಆರಿಸಿದವಳು ಬಸ್ಸಮ್ಮನೇ. ಕೈಗವಸುಗಳನ್ನು ಹಲಗೆಯ ಮೇಲೆ ಹರಡಿಸಿ, ಬಳೆಯಲ್ಲಿದ್ದ ಪಿನ್ನು ತೆಗೆದು ಒಂದೊಂದನ್ನೂ ಚುಚ್ಚಿ ನೋಡಿದಳು.

"ಅಯ್ಯೋ, ಮಾಲು ಕೆಡಸ್ತೀಯಲ್ಲ!"

"ಜಾಲಿಮುಳ್ಳು ನಿಮ್ಮನ್ನ ಕೇಳಿ ಚುಚ್ಚತದೇನ್ರೀ?"

ಪಿನ್ನು ದಾಟದ ಜೋಡಿಯನ್ನು ಇಟ್ಟುಕೊಂಡಳು. ದಪ್ಪ ತಳದ ಬೂಟು, ತಲೆಗವಸು, ನೀರಿನ ಕನ್ನಡಕ ಆರಿಸಿದಳು. ನನಗೇಕೆ ಎಂದು ಹುಸೇನಪ್ಪ ಗೊಣಗಿದಾಗ, "ಆಕಿ ಕೆಳಗಿದ್ರ ಹಗ್ಗ ಹಿಡಿಯವ ನೀನು. ನೀನೂ ನೀರಾಗ ನಿಲ್ಲಬೇಕು," ಎಂದು ಅವನಿಗೂ ಒಂದು ಜೋಡಿ ತೆಗೆಸಿದಳು.

ಕೊನೆಗೆ ಕರೀಂಸಾಬ್ ಒಂದು ಗಿಡ್ಡ ಚೂರಿ ತೋರಿಸಿದ. ಮೊಣಕಾಲಿನ ಕೆಳಗೆ ಕಟ್ಟಿಕೊಳ್ಳಲು ಪಟ್ಟಿ ಇತ್ತು.

"ನೀರಾಗ ಬಳ್ಳಿ, ಬಲಿ ಕಾಲಿಗೆ ಸಿಕ್ರ ಕೊಯ್ಕೊಳ್ಳಾಕ."

ಬಸ್ಸಮ್ಮ ಅದನ್ನು ಅಂಗೈಯಲ್ಲಿಟ್ಟು ಅಲಗನ್ನು ಹೆಬ್ಬೆರಳಿನಿಂದ ಸವರಿ ನೋಡಿದಳು.

"ಇಂಥಾವು ಮೊದಲಿಂದಾನೂ ಇದ್ದವೇನ್ರೀ?"

ಕರೀಂಸಾಬ್‌ಗೆ ಲಕ್ಷ್ಮಣ ಗೊತ್ತಿದ್ದ. ತಲೆ ತಗ್ಗಿಸಿದ. "ಇದ್ದವು ತಂಗಿ," ಎಂದ.

ಹುಸೇನಪ್ಪ ಎದ್ದು ಅಂಗಡಿಯ ಹೊರಗೆ ಹೋಗಿ ನಿಂತ.

ಅಂಗಿಗಳು ಬಂದ ಮುಂದಿನ ವಾರ ಒಂದು ಬೆಳಿಗ್ಗೆ ಕರೆ ಬಂತು. ಮುದುಕಮ್ಮ ಎಂಬವಳ ಮಗ ಹೊಲಕ್ಕೆ ಹೊರಟವನು ಕಾಲುವೆಗೆ ಬಿದ್ದಿದ್ದ. ಬಸ್ಸಮ್ಮನೂ ಜೊತೆಗೆ ಹೊರಟಳು. ಆ ಅಂಗಿಯ ಜಿಪ್ಪು ಬೆನ್ನಿಗಿರುತ್ತದೆ. ಅಷ್ಟು ಬಿಗಿಯಾದದ್ದನ್ನು ಒಬ್ಬಳೇ ಹಾಕಿಕೊಳ್ಳಲು ಬಾರದು. ದಂಡೆಯ ಮೇಲೆ ಮಗಳ ಬೆನ್ನ ಹಿಂದೆ ನಿಂತು, "ಉಸಿರು ಹಿಡಿ," ಎಂದು ಹೇಳಿ, ನಡದಿಂದ ಕೊರಳಿನ ತನಕ ಮೆಲ್ಲಗೆ ಮೇಲೆಳೆದಳು. ಎಲ್ಲೂ ಸಡಿಲವಿರಲಿಲ್ಲ. ಹುಸೇನಪ್ಪ ಹಗ್ಗ ಹಿಡಿದ. ಪದ್ಮಾವತಿ ಇಳಿದಳು. ತಲೆ ಕಾಣುತ್ತಿತ್ತು. ಆಮೇಲೆ ಕಾಣಲಿಲ್ಲ.

ಮುದುಕಮ್ಮ ಒಬ್ಬಳೇ ಮಣ್ಣಿನಲ್ಲಿ ಕುಳಿತಿದ್ದಳು. ಬಸ್ಸಮ್ಮ ಹೋಗಿ ಅವಳ ಪಕ್ಕದಲ್ಲಿ ಕುಳಿತಳು.

"ಸಿಗ್ತಾನೇನವ್ವಾ ನನ್ನ ಮಗ?" ಮುದುಕಮ್ಮ ನೀರಿನಿಂದ ಕಣ್ಣು ತೆಗೆಯದೆ ಕೇಳಿದಳು.

ಬಸ್ಸಮ್ಮ ಅವಳ ಕೈ ಹಿಡಿದುಕೊಂಡಳು.

"ನನ್ನ ಮಗಳು ಹೋಗ್ಯಾಳ," ಎಂದಳು.