ಎತ್ತಿನ ಮದ್ದು ಕುಡಿದು ಓಡಿದ್ದು

ಎಪ್ಪತ್ತರ ದಶಕದ ನಡುಭಾಗ. ಎಸ್ಸೆಸ್ಸೆಲ್ಸಿ ಮುಗಿಸಿ ನಮ್ಮೂರು ಮತ್ತೋಡಿನಲ್ಲಿ ಸುಮ್ಮನೆ ಅಲೆದಾಡಿಕೊಂಡಿದ್ದ ನನಗೆ ಚಿತ್ರದುರ್ಗದಲ್ಲಿ ನಡೆಯುವ ಪೊಲೀಸ್ ಪೇದೆ ಆಯ್ಕೆಯ ಓಟಕ್ಕೆ ಕರೆ ಬಂತು. ಅಂದಿನಿಂದ ನನ್ನ ಕಾಲು ಒಂದು ಕಡೆ ನಿಲ್ಲಲಿಲ್ಲ. ಉಣ್ಣಲು ಕೂತರೂ ನಡುವೆ ಎದ್ದು ಅಂಗಳ ಸುತ್ತಿ ಬರುತ್ತಿದ್ದೆ. ಅಪ್ಪ ಹೋದ ಮೇಲೆ ಅಮ್ಮನಿಗೂ ನನಗೂ ಉಳಿದಿದ್ದ ಆಸೆ ಅದೊಂದೇ.

ನನ್ನನ್ನು ಓಟಕ್ಕೆ ತಯಾರು ಮಾಡುವ ಹೊಣೆ ಸೋದರಮಾವ ಹೊತ್ತುಕೊಂಡ. ಗಾಡಿ ಓಟದ ಎತ್ತು ಸಾಕುವುದರಲ್ಲಿ ಅವನು ಹೆಸರುವಾಸಿ. ಕಾಲು ಎರಡಿರಲಿ, ನಾಲ್ಕಿರಲಿ, ಓಡುವ ಜೀವಕ್ಕೆಲ್ಲ ಅವನದು ಒಂದೇ ಮದ್ದು. ಎತ್ತಿಗೆ ಬೇಯಿಸಿದ ಹುರುಳಿಯಲ್ಲಿ ನನಗೂ ಪಾಲು, ಅವಕ್ಕೆ ಕುಡಿಸುವ ಹಸಿ ಮೊಟ್ಟೆಯಲ್ಲಿ ನನಗೂ ಪಾಲು. ಸಾಲದೆಂದು ಹೊಸದುರ್ಗದ ಔಷಧಿ ಅಂಗಡಿಯಿಂದ ಒಂದು ಟಾನಿಕ್ ಬೇರೆ ತಂದ. ಸೀಸೆಯ ಮೇಲೆ ಅಮೈನೋ ಆಸಿಡ್ ಎಂದಿತ್ತು. ಓದಿ ಹೇಳಿದ್ದೇ ತಪ್ಪಾಯಿತು.

"ಆಸಿಡ್ಡಾ? ಹುಡುಗನ ಹೊಟ್ಟೆ ಸುಟ್ಟೋದ್ರೆ ಏನಣ್ಣ ಮಾಡ್ಲಿ?" ಎಂದು ಅಮ್ಮ ಗಾಬರಿಯಾದಳು.

"ಮೈಗೆ ಕಸುವು ಬರ್ತೈತೆ ಅಂದಾನೆ ಅಂಗಡಿಯೋನು. ಸುಮ್ನಿರವ್ವ ನೀನು" ಎಂದು ಮಾವ ಅವಳ ಬಾಯಿ ಮುಚ್ಚಿಸಿದ.

ಹಿಂದಿನ ವರ್ಷ ಭರಮಸಾಗರದ ಹತ್ತಿರ ನಡೆದ ಓಟದಲ್ಲಿ ಮಾವನ ಮುದ್ದಿನ ಎತ್ತು ಕೆಂದ ಅರ್ಧ ದಾರಿಯಲ್ಲೇ ಕುಸಿದು ಬಿದ್ದಿತ್ತು. ನಾಲಿಗೆ ಚಾಚಿ ನಮ್ಮನ್ನೇ ನೋಡುತ್ತಿತ್ತು. ಯಾರದ್ದೋ ಕಣ್ಣು ಬಿತ್ತೆಂದು ನಾವು ಉಪ್ಪು ಮೆಣಸಿನಕಾಯಿ ನಿವಾಳಿಸಿದೆವು. ಅದು ಮೇಲೇಳಲಿಲ್ಲ. ಆ ಭಯಕ್ಕೆ ಮಾವ ನನ್ನ ಕಾಲಿಗೂ ಕರಿದಾರ ಕಟ್ಟಿದ.

ನನ್ನ ಓಟದ ದಿನ ಬೆಳಿಗ್ಗೆ ಚಿತ್ರದುರ್ಗದ ಮೈದಾನದ ಪಕ್ಕದ ಹುಣಸೆ ಮರದಡಿ ಮಾವ ಚೀಲದಿಂದ ಚೊಂಬು ತೆಗೆದ. ಟಾನಿಕ್ ಸುರಿದ. ಆಮೇಲೆ ಇನ್ನೊಂದು ಸೀಸೆ ಬಗ್ಗಿಸಿದ. ವಾಸನೆಗೇ ಗೊತ್ತಾಯಿತು, ಬ್ರಾಂದಿ.

"ಇದ್ಯಾಕೆ ಮಾವ?"

"ಓಟದ ದಿನ ನನ್ನ ಎತ್ತಿಗೆ ಕೊಡಾದು ಇದನ್ನೇ. ಬ್ರಾಂದಿ ಬಿದ್ರೆ ಟಾನಿಕ್ಕು ಸೀದಾ ಕಾಲಿಗಿಳೀತೈತೆ. ಕುಡೀಲೇ, ಹೊತ್ತಾತು."

ಅದುವರೆಗೆ ಹೆಂಡ ಮುಟ್ಟಿದವನಲ್ಲ. ಆದರೆ ಆ ಹೊತ್ತಿನಲ್ಲಿ ವಿಷ ಕೊಟ್ಟು ಗೆಲ್ತೀಯ ಎಂದಿದ್ದರೂ ಕುಡಿಯುತ್ತಿದ್ದೆನೇನೋ. ಖಾಲಿ ಹೊಟ್ಟೆಗೆ ಗಟಗಟ ಇಳಿಸಿದೆ.

ಮೊದಲ ಸುತ್ತಿನಲ್ಲಿ ನಾನೇ ಮುಂದೆ. ನೆಲವೇ ಕಾಲಿಗೆ ತಗಲುತ್ತಿಲ್ಲ ಎನಿಸಿತು. ಹಗ್ಗದ ಆಚೆಯಿಂದ ಮಾವ "ಹೋಯ್! ಹೋಯ್!" ಎಂದು ಎತ್ತು ಹೊಡೆದಂತೆ ಕೂಗುತ್ತಿದ್ದ. ಎರಡನೇ ಸುತ್ತಿಗೆ ಎದೆ ಡಬಡಬ ಎನ್ನತೊಡಗಿತು, ಬಾಯಿ ಒಣಗಿ ನಾಲಿಗೆ ಅಂಟಿಕೊಂಡಿತು. ಎದುರಿಗಿದ್ದ ದುರ್ಗದ ಗುಡ್ಡವೇ ವಾಲಾಡಿತು. ನಿಲ್ಲೋಣವೆಂದರೆ ಮಾವನ ಕೂಗು ಬಿಡದು. ತಿರುವಿನಲ್ಲಿ ಕಾಲು ಸೆಟೆದು ಬೋರಲು ಬಿದ್ದೆ, ಬಿದ್ದಲ್ಲೇ ವಾಂತಿಯಾಯಿತು.

ಸಾಹೇಬರೊಬ್ಬರು ಬಗ್ಗಿ ನೋಡಿ ಮೂಗು ಮುಚ್ಚಿಕೊಂಡರು. "ಕುಡಿದು ಬಂದೀಯೇನಲೇ?"

ಮಾವ ಹಗ್ಗ ಹಾರಿ ಬಂದು ಕೈ ಮುಗಿದ. "ಅವನ್ದೇನೂ ತಪ್ಪಿಲ್ರೀ ಸಾಹೇಬ್ರೇ. ಕುಡಿಸಿದ್ದು ನಾನು. ನಮ್ಮ ಎತ್ತಿಗೂ ಹಿಂಗೇ ಕುಡಿಸ್ತೀವಿ."

ಸುತ್ತಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹೇಬರು ಮಾತ್ರ ನಗಲಿಲ್ಲ. "ಎತ್ತಿಗಾದ್ರೆ ಬಾಯಿಲ್ಲ. ಇವನಿಗೆ ಬಾಯಿತ್ತಲ್ಲಯ್ಯಾ" ಎಂದು ಹೇಳಿ, ಯಾರಿಂದಲೋ ನೀರು ತರಿಸಿ ಕುಡಿಸಿ, ನನ್ನನ್ನು ಹೊರಗೆ ಕಳಿಸಿದರು.

ಬಸ್ಸಿನಲ್ಲಿ ನನಗೆ ಕೂರಲಾಗುತ್ತಿಲ್ಲ, ನಿಲ್ಲಲಾಗುತ್ತಿಲ್ಲ. ಅಮ್ಮನಿಗೆ ಏನು ಹೇಳುವುದು? ಬಸ್ಸು ಹೊಳಲ್ಕೆರೆ ದಾಟಿತು. ಮಾವ ಮೆಲ್ಲಗೆ ಕೇಳಿದ.

"ಓಡಾವಾಗ ಹೆಂಗಾತೋ?"

"ಎದೆ ಕಿತ್ತು ಬಾಯಿಗೆ ಬಂದಂಗಾತು ಮಾವ. ಒಂದು ಗುಟುಕು ನೀರು ಸಿಕ್ರೆ ಸಾಕು ಅನಿಸ್ತು. ನಿಲ್ಲಾಣ ಅಂದ್ರೆ ನೀನು ಕೂಗ್ತಾನೇ ಇದ್ದೆ."

ಮಾವ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡ. "ಕೆಂದಂಗೂ ಹಿಂಗೇ ಆಗಿತ್ತೇನೋ. ನಾನು ಬಾರುಕೋಲು ಬೀಸ್ತಾನೇ ಇದ್ನಲ್ಲೋ" ಎಂದು ಬಸ್ಸಿನ ತುಂಬ ಜನರಿದ್ದರೂ ಬಿಕ್ಕಿ ಬಿಕ್ಕಿ ಅತ್ತ.

ಪೊಲೀಸ್ ಕೆಲಸ ನನಗೆ ಸಿಗಲೇ ಇಲ್ಲ. ಅಮ್ಮ ಬಹಳ ದಿನ ಕೊರಗಿದಳು. ಮಾವ ಮಾತ್ರ ಮತ್ತೆಂದೂ ಯಾವ ಎತ್ತಿನ ಬಾಯಿಗೂ ಬ್ರಾಂದಿ ಹಿಡಿಯಲಿಲ್ಲ. ಇಂದಿಗೂ ಯಾರಾದರೂ ಓಡುವುದನ್ನು ಕಂಡರೆ ನಾಲಿಗೆ ಚಾಚಿ ಬಿದ್ದಿದ್ದ ಕೆಂದ ಕಣ್ಣ ಮುಂದೆ ಬರುತ್ತದೆ. ನಾವು ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾ ನಿಂತಿದ್ದೆವು. ಅದು ನೀರು ಕೇಳುತ್ತಿತ್ತು.