ಪ್ರೂಫಕ್ಕ ಅಳಿಸದ ಮಾತು

ಮುದ್ರಣಾಲಯದಲ್ಲಿ ಇಪ್ಪತ್ತೆರಡು ವರ್ಷ ಕರಡು ತಿದ್ದಿದವಳನ್ನು ಎಲ್ಲರೂ ಪ್ರೂಫಕ್ಕ ಎಂದೇ ಕರೆಯುತ್ತಿದ್ದರು. ಮುದ್ರಣಾಲಯ ಮುಚ್ಚಿತು, ಹೆಸರು ಮಾತ್ರ ಉಳಿಯಿತು. ಈಗ ಅವಳು ಕಿಟಕಿಯ ಪಕ್ಕದ ಹೊಲಿಗೆ ಯಂತ್ರದ ಹಲಗೆಯ ಮೇಲೆ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ಆನ್‌ಲೈನಿನ ಚಿಲ್ಲರೆ ಕೆಲಸ ಮಾಡುತ್ತಾಳೆ. ಚಿತ್ರದಲ್ಲಿ ಏನಿದೆ ಎಂದು ಗುರುತಿಸುವುದು, ಮಸುಕಾದ ಚೀಟಿ ಓದಿ ಟೈಪು ಮಾಡುವುದು, ಹೀಗೆ ಒಂದೆರಡು ನಿಮಿಷದ ಕೆಲಸಗಳು. ಕೆಲಸ ಕೊಟ್ಟ ಧಣಿ ಒಪ್ಪಿದರೆ ಸರಿ. ತಿರಸ್ಕರಿಸಿದರೆ ದುಡಿಮೆ ನೀರುಪಾಲು. ಜೊತೆಗೆ ಒಪ್ಪಿಗೆಯ ಶೇಕಡಾ ಲೆಕ್ಕವೂ ಇಳಿಯುತ್ತದೆ. ಅದು ತೊಂಬತ್ತೈದರ ಕೆಳಗೆ ಜಾರಿತೋ, ಒಳ್ಳೆಯ ಕೆಲಸಗಳು ಕಣ್ಣಿಗೇ ಬೀಳವು.

ಅದಕ್ಕೇ ಅವಳದೊಂದು ನಿಯಮವಿತ್ತು. ಹೊಸ ಧಣಿಯಾದರೆ ಮೊದಲು ಐದೇ ಐದು ಕೆಲಸ. ಅವು ಒಪ್ಪಿಗೆಯಾದರೆ ಮುಂದಿನ ಮಾತು. ಆದರೆ ಆ ಸಲ ಬಂದದ್ದು ಕೈಬರಹದ ಹಳೆಯ ಪತ್ರಗಳು. ದುಂಡು ದುಂಡು ಅಕ್ಷರ ನೋಡಿ ಪ್ರೂಫಕ್ಕನ ನಿಯಮ ಗಾಳಿಗೆ ಹಾರಿತು. ಒಂದೇ ಬೆಳಗಿನಲ್ಲಿ ಅರವತ್ತು ಪತ್ರ ಮುಗಿಸಿದಳು. ಸಂಜೆಯೊಳಗೆ ಅರವತ್ತೂ ತಿರಸ್ಕೃತ. ಕಾರಣ, 'ಅಜಾಗರೂಕತೆ'. ತೊಂಬತ್ತೇಳಿದ್ದ ಲೆಕ್ಕ ತೊಂಬತ್ನಾಲ್ಕಕ್ಕೆ ಕುಸಿಯಿತು.

ಫೋನಿನಲ್ಲಿ ಅದೇ ಕೆಲಸ ಮಾಡುವ ನಾದಿನಿ ಬಂದು ಇಣುಕಿದಳು. "ಊರಿಗೆಲ್ಲ ಐದು ಐದು ಅಂತ ಪಾಠ ಹೇಳಿ, ನೀವೇ ಅರವತ್ತು ಮಾಡಿದ್ರಾ ಅತ್ತಿಗೆ?"

"ಅಕ್ಷರ ಚೆನ್ನಾಗಿತ್ತು ಕಣೇ. ಕೈ ನಿಲ್ಲಲಿಲ್ಲ."

"ಅಕ್ಷರ ಚೆನ್ನಾಗಿದ್ರೆ ಆಯ್ತಾ? ಕೆಲಸ ಕೊಟ್ಟೋನು ಚೆನ್ನಾಗಿರಬೇಡ್ವಾ?"

ಪ್ರೂಫಕ್ಕ ಅಳುತ್ತ ಕೂರುವವಳಲ್ಲ. ಓದಲಾಗದ ಪದದ ಜಾಗದಲ್ಲಿ ಅಡ್ಡಗೆರೆ ಹಾಕಿ ಎಂದು ಸೂಚನೆಯಲ್ಲೇ ಇತ್ತು. ಆ ಅಡ್ಡಗೆರೆಗಳನ್ನೇ ಧಣಿ ತಪ್ಪೆಂದಿದ್ದ. ಕೆಲಸ ಮಾಡುವಾಗಲೇ ತೆಗೆದಿಟ್ಟಿದ್ದ ಸ್ಕ್ರೀನ್‌ಶಾಟ್‌ಗಳನ್ನು ಜೋಡಿಸಿ, ಒಂದೂ ಒರಟು ಮಾತಿಲ್ಲದೆ ಅವನಿಗೆ ಬರೆದಳು. ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ, ಕೆಲಸಗಾರರು ಒಬ್ಬರಿಗೊಬ್ಬರು ಎಚ್ಚರಿಕೆ ಹೇಳಿಕೊಳ್ಳುವ ಪುಟದಲ್ಲಿ ನಡೆದದ್ದನ್ನು ನಡೆದಷ್ಟೇ ಬರೆದು ಹಾಕಿದಳು.

ಮರುದಿನ ಬೆಳಿಗ್ಗೆಯೇ ಬೆಣ್ಣೆ ಸವರಿದ ಉತ್ತರ ಬಂತು. ಆ ಬರಹ ಅಳಿಸಿದರೆ ಮಧ್ಯಾಹ್ನದೊಳಗೆ ಅರವತ್ತನ್ನೂ ಒಪ್ಪುತ್ತೇನೆ ಎಂದಿದ್ದ.

"ಅಳಿಸಿಬಿಡಿ ಅತ್ತಿಗೆ," ಎಂದಳು ನಾದಿನಿ. "ಸೋಮವಾರ ಗ್ರಂಥಾಲಯದ ದೊಡ್ಡ ಕೆಲಸ ಬರುತ್ತೆ. ತೊಂಬತ್ತೈದು ಇಲ್ದಿದ್ರೆ ಅದು ನಿಮಗೆ ಕಾಣೋದೇ ಇಲ್ಲ. ಮೂರು ತಿಂಗಳಿಂದ ಅದಕ್ಕೇ ಕಾದಿದ್ದೀರಿ."

"ಅಳಿಸಿದ್ರೆ ನಾಳೆ ಬರೋರು ಇದೇ ಹಳ್ಳಕ್ಕೆ ಬೀಳ್ತಾರೆ."

"ಬೀಳೋರು ನಮಗೇನು ನೆಂಟರಾ?"

"ಅವನ ಕೆಲಸ ನೀನ್ಯಾಕೆ ಮುಟ್ಟಲಿಲ್ಲ?"

"ನಿಮ್ಮ ಗತಿ ನೋಡಿನೇ."

"ಎಲ್ಲರ ಮನೇಲೂ ಗತಿ ನೋಡೋಕೊಬ್ಬ ಅತ್ತಿಗೆ ಇರ್ತಾಳೇನೇ?"

ಪ್ರೂಫಕ್ಕ ಟೈಪು ಮಾಡಿದಳು: 'ಅಚ್ಚಿನಲ್ಲಿ ತಪ್ಪಾದರೆ ನಾವು ಪುಟ ಹರಿಯುವುದಿಲ್ಲ, ತಿದ್ದುಪಡಿ ಸೇರಿಸುತ್ತೇವೆ. ನೀವು ಅರವತ್ತನ್ನೂ ಒಪ್ಪಿದರೆ, ಸರಿಪಡಿಸಿದರು ಎಂದು ಕೆಳಗೆ ಬರೆಯುತ್ತೇನೆ. ಇದ್ದದ್ದನ್ನು ಅಳಿಸುವುದಿಲ್ಲ.' ಆಮೇಲೆ ಅವನ ಆ ಬೆಣ್ಣೆಮಾತನ್ನೂ ಅಕ್ಷರ ಬಿಡದೆ ತನ್ನ ಎಚ್ಚರಿಕೆಯ ಕೆಳಗೆ ಅಂಟಿಸಿದಳು.

ಮಧ್ಯಾಹ್ನ ಬಂತು, ಹೋಯಿತು. ಅರವತ್ತರಲ್ಲಿ ಒಂದೂ ಒಪ್ಪಿಗೆಯಾಗಲಿಲ್ಲ. ಸೋಮವಾರ ಗ್ರಂಥಾಲಯದ ಕೆಲಸ ನಾದಿನಿಗೆ ಕಂಡಿತು, ಪ್ರೂಫಕ್ಕನಿಗೆ ಕಾಣಲಿಲ್ಲ. ನಾದಿನಿ ಸಂಕೋಚದಿಂದ ಫೋನು ಮರೆಮಾಡಿದಳು.

"ಬಚ್ಚಿಡ್ತೀಯಾಕೆ? ಮಾಡು. ಮೊದಲು ಸೂಚನೆ ಎರಡು ಸಲ ಓದು," ಎಂದು ಪ್ರೂಫಕ್ಕ ಗದರಿದಳು.

ಸ್ವಲ್ಪ ಹೊತ್ತಿಗೆ ನಾದಿನಿ ಎಚ್ಚರಿಕೆಯ ಪುಟ ತೆರೆದು ಹೇಳಿದಳು, "ನೀವು ಬರೆದದ್ದು ಓದಿ ಹನ್ನೊಂದು ಜನ ಅವನ ಕೆಲಸ ವಾಪಸ್ ಕೊಟ್ಟರಂತೆ ಅತ್ತಿಗೆ."

"ಹನ್ನೊಂದೇನಾ? ಇನ್ನೂ ಓದದವರು ಬಹಳ ಇದ್ದಾರೆ ಹಾಗಾದ್ರೆ."

ಅವಳು ಕನ್ನಡಕ ಒರೆಸಿ ಹಾಕಿಕೊಂಡಳು. ಯಾರು ಬೇಕಾದರೂ ಮಾಡಬಹುದಾದ, ಬಿಡಿಗಾಸಿನ ಕೆಲಸವೊಂದು ಪರದೆಯ ಮೇಲಿತ್ತು. ಚಿತ್ರದಲ್ಲಿ ಬೆಕ್ಕು ಇದೆಯೇ? ಕುರ್ಚಿಯ ಕೆಳಗೆ ಬಾಲದ ತುದಿಯಷ್ಟೇ ಕಾಣುತ್ತಿತ್ತು. 'ಇದೆ' ಎಂದು ಒತ್ತಿ, ಮುಂದಿನದನ್ನು ತೆರೆದಳು.